ಸಣ್ಣ ಗೆರೆ, ದಪ್ಪ ಗೆರೆ

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕೋಗಿಲೆ. ಕೋಗಿಲೆಯದೇನೂ ತಪ್ಪಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಬೇರೆ ಕೋಗಿಲೆಗಳು ಏನು ಮಾಡುತ್ತವೋ ಅದನ್ನೇ ಅದೂ ಬೇವಿನ ಮರದ ಮೇಲೆ ಕೂತು ಮಾಡಿತ್ತು. ತಪ್ಪು ಹೊನ್ನೂರಸ್ವಾಮಿಯದು. ಅವನು ಅದರ ಕೂಗನ್ನು ಫೋನಿನಲ್ಲಿ ಹಿಡಿದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಹೊಸಪೇಟೆಯ ಕಾಲುವೆಯ ಆಚೆ ಬದಿಗೆ, ಹದಿನೆಂಟು ಮನೆಗಳ ಓಣಿ ಅದು. ಹೊನ್ನೂರಸ್ವಾಮಿ ಸಂಡೂರಿನ ಗುಡ್ಡದಲ್ಲಿ ಅದಿರು ಒಡೆಯುವ ಕ್ರಷರಿನ ಪಕ್ಕ ಇಪ್ಪತ್ತೇಳು ವರ್ಷ ನಿಂತು ಕೆಲಸ ಮಾಡಿದವನು. ನಿವೃತ್ತನಾಗಿ ಬರುವಾಗ ಒಂದು ಶಾಲು, ಒಂದು ಗೋಡೆ ಗಡಿಯಾರ ತಂದ. ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದ. ಈಗ ಕಿವಿಗೊಂದು ಮಿಷನ್ ಇದೆ. ಅದಕ್ಕೆ ಹನಿ ನೀರು ತಾಗಿದರೂ ಕೆಟ್ಟುಹೋಗುತ್ತದೆ ಎಂದು ಅಂಗಡಿಯವನು ಹೆದರಿಸಿದ್ದ. ಹಾಗಾಗಿ ಸ್ನಾನವಾಗಿ, ತಲೆ ಒರೆಸಿಕೊಂಡು, ತಿಂಡಿ ತಿಂದು, ಕೈ ತೊಳೆದು ಒಣಗಿಸಿಕೊಂಡ ಮೇಲೆಯೇ ಆ ಮಿಷನ್ ಡಬ್ಬಿಯಿಂದ ಹೊರಗೆ ಬರುವುದು.

ಆದರೆ ಅವನ ನಿಜವಾದ ಜೀವನ ನಡೆಯುತ್ತಿದ್ದದ್ದು ಅದಕ್ಕೂ ಮುಂಚೆ, ಬೆಳಗಿನ ಐದೂವರೆಯಿಂದ ಏಳರವರೆಗೆ, ಹಿತ್ತಲಿನಲ್ಲಿ. ಅಲ್ಲಿ ಒಂದು ಪೇರಲ, ಒಂದು ನಿಂಬೆ, ನುಗ್ಗೆ, ಕರಿಬೇವು, ದಾಸವಾಳ, ಎರಡು ಮಲ್ಲಿಗೆ ಬಳ್ಳಿ, ಸಾಲಾಗಿ ಕನಕಾಂಬರ, ಮೂಲೆಯಲ್ಲಿ ಬೇವಿನ ಮರ, ನಡುವೆ ಎದೆಮಟ್ಟದ ತುಳಸಿ ಕಟ್ಟೆ. ಸೂರಕ್ಕಿ ದಾಸವಾಳಕ್ಕೆ ತಲೆಕೆಳಗಾಗಿ ಜೋತುಬೀಳುವುದು, ಬೆಳವದ ಹಕ್ಕಿಗಳು ಕಾಂಪೌಂಡಿನ ಮೇಲೆ ಕೂತು ಕತ್ತು ಉಬ್ಬಿಸುವುದು, ಅಳಿಲು ನುಗ್ಗೆಯ ಹೂ ಕೆಡವುವುದು, ಎಲ್ಲವನ್ನೂ ಅವನು ನೋಡುತ್ತಿದ್ದ. ಒಂದನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಕಾಂಪೌಂಡಿನ ಮೇಲೆ ಫೋನಿಟ್ಟು ರೆಕಾರ್ಡು ಮಾಡಿ, ತಿಂಡಿಯಾದ ಮೇಲೆ ಮಿಷನ್ ಹಾಕಿಕೊಂಡು ಕೂತು ಕೇಳುತ್ತಿದ್ದ. ಎಲ್ಲರ ಹಿತ್ತಲಿನಲ್ಲೂ ಹಕ್ಕಿ ಆಗಿಂದಾಗಲೇ ಕೂಗಿದರೆ, ಹೊನ್ನೂರಸ್ವಾಮಿಯ ಹಿತ್ತಲಿನ ಹಕ್ಕಿಗಳು ಮೂರು ತಾಸು ತಡವಾಗಿ ಕೂಗುತ್ತಿದ್ದವು.

ಈ ರೆಕಾರ್ಡು ವ್ಯವಹಾರದಲ್ಲಿ ಅವನಿಗೆ ಒಂದೇ ತಕರಾರು, ಮನುಷ್ಯರದು. ನಡುನಡುವೆ ಯಾರದೋ ಮಾತು, ಕೆಮ್ಮು, ಕೊಡದ ಸದ್ದು. ಹಕ್ಕಿಯ ದನಿ ಫೋನಿನ ಪರದೆಯ ಮೇಲೆ ಸಣ್ಣ ಗೆರೆಯಾಗಿಯೂ ಮನುಷ್ಯರ ಮಾತು ದಪ್ಪ ಗೆರೆಯಾಗಿಯೂ ಕಾಣುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ. ದಪ್ಪ ಗೆರೆ ಕಂಡಲ್ಲೆಲ್ಲ, ಅದರಲ್ಲೇನಿದೆ ಎಂದು ಕೇಳುವ ಗೋಜಿಗೂ ಹೋಗದೆ ಕತ್ತರಿಸಿ ಹಾಕುತ್ತಿದ್ದ. ಮೂರು ವರ್ಷದಿಂದ ಹೀಗೆ ಕತ್ತರಿಸಿದ್ದನ್ನೆಲ್ಲ ಕೂಡಿಹಾಕಿದ್ದರೆ ಒಂದು ಗುಡ್ಡವೇ ಆಗುತ್ತಿತ್ತು.

ಆ ದಪ್ಪ ಗೆರೆಗಳಲ್ಲಿ ಬಹುಪಾಲು ಪಕ್ಕದ ಮನೆಯ ಎರ್ರಿಯಪ್ಪನವು.

ಎರ್ರಿಯಪ್ಪ ಮೊದಲು ಅದಿರು ಲಾರಿ ಓಡಿಸುತ್ತಿದ್ದವನು. ಹೆಂಡತಿ ರೇಣುಕಿ ತೀರಿಕೊಂಡ ಮೇಲೆ ಸ್ಟೇರಿಂಗು ಬಿಟ್ಟ. ದಿನವೂ ಬೆಳಿಗ್ಗೆ ಚಹಾದ ಲೋಟ ಹಿಡಿದು ತನ್ನ ಕಡೆಯಿಂದ ಕಾಂಪೌಂಡಿಗೆ ಒರಗಿ ನಿಲ್ಲುತ್ತಿದ್ದ. ಹೊನ್ನೂರಸ್ವಾಮಿಗೆ ಆ ಹೊತ್ತಿನಲ್ಲಿ ಅವನೇ ಕಿವಿ. ಎಲ್ಲಾದರೂ ಹಕ್ಕಿ ಕೂಗಿದರೆ ಚಪ್ಪಾಳೆ ತಟ್ಟಿ, ಬೆರಳು ಮಾಡಿ ತೋರಿಸುತ್ತಿದ್ದ. ಹೊನ್ನೂರಸ್ವಾಮಿ ತಿರುಗಿ ನೋಡುತ್ತಿದ್ದ. ಕೆಲವು ಸಲ ಹಕ್ಕಿ ಕಾಣುತ್ತಿತ್ತು, ಕೆಲವು ಸಲ ಕಾಣುತ್ತಿರಲಿಲ್ಲ. ಕಾಣದಿದ್ದಾಗ ಎಲೆಯ ಮರೆಯಲ್ಲಿದೆ ಎಂದುಕೊಳ್ಳುತ್ತಿದ್ದ. ತೋರಿಸಿಯಾದ ಮೇಲೂ ಎರ್ರಿಯಪ್ಪನ ತುಟಿಗಳು ಆಡುತ್ತಲೇ ಇರುತ್ತಿದ್ದವು. ಹೊನ್ನೂರಸ್ವಾಮಿ ಕಿವಿ ಕೇಳದವರೆಲ್ಲ ಮಾಡುವಂತೆ ಆಗೊಮ್ಮೆ ಈಗೊಮ್ಮೆ ತಲೆಯಾಡಿಸುತ್ತ ನೀರು ಬಿಡುತ್ತಿದ್ದ.

ನೀರೆಂದರೆ ಆ ಓಣಿಗೆ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಒಂದು ತಾಸು. ಉಳಿದವರ ನಳದಲ್ಲಿ ನೂಲಿನಂತೆ ಇಳಿಯುವ ನೀರು ಹೊನ್ನೂರಸ್ವಾಮಿಯ ಮನೆಯಲ್ಲಿ ಮಾತ್ರ ಧುಮ್ಮಿಕ್ಕುತ್ತಿತ್ತು. ಕೈಯಲ್ಲಿ ಹಿಡಿದ ಪೈಪು ಜುಮ್ಮೆನ್ನುತ್ತಿತ್ತು. ನೀರಿಗೂ ಜೀವವಿದೆ ಎಂದು ಅವನು ಪುಳಕಗೊಳ್ಳುತ್ತಿದ್ದ. ಆಗ ಹೆಂಡತಿ ವಿರುಪಮ್ಮ ಗಂಟೆ ಬಾರಿಸಿ ಪೂಜೆಗೆ ಶುರುಮಾಡಿರುತ್ತಿದ್ದಳು. ಗಾಳಿಯೇ ಇಲ್ಲದಿದ್ದರೂ ತುಳಸಿಯ ಎಲೆಗಳು ನಡುಗುತ್ತಿದ್ದವು. ಇಂಥ ಭಕ್ತಿಯುಳ್ಳ ಹೆಂಗಸು ಸಿಕ್ಕಿದ್ದು ತನ್ನ ಪುಣ್ಯ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಓಣಿಯ ಕೊನೆಯ ಮನೆಯ ದುರ್ಗಕ್ಕನ ನಳಕ್ಕೆ ಹನಿಯೂ ಬರುತ್ತಿರಲಿಲ್ಲ. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಬಂಡಿ ಇಡುವ ಹೆಂಗಸು ಆಕೆ. ಅವಳಿಗೆ ಅವನೇ ಕರೆದು ನಾಲ್ಕು ಕೊಡ ನೀರು ಕೊಡುತ್ತಿದ್ದ. ಅವಳು ಪ್ರತಿ ಸಲವೂ ಅವನ ಹೊಟ್ಟೆ ತಣ್ಣಗಿರಲೆಂದು ಹರಸಿ ಹೋಗುತ್ತಿದ್ದಳು.

ಆ ಭಾನುವಾರ ನೀರಿನ ದಿನ. ಎಂಟೂವರೆಗೆ ಹೊನ್ನೂರಸ್ವಾಮಿ ರೆಕಾರ್ಡಿನ ದಪ್ಪ ಗೆರೆ ತೆಗೆದು, ಕೋಗಿಲೆಯ ಮೂರು ನಿಮಿಷ ಉಳಿಸಿ, ‘ನಮ್ಮ ಬೇವಿನ ಗಿಡದ ಕೋಗಿಲೆ, ಶುಭೋದಯ’ ಎಂದು ಬರೆದು ಗ್ರೂಪಿಗೆ ಹಾಕಿದ. ಎಂದಿನಂತೆ ಮೂರು ಜನ ಕೈಮುಗಿದರು. ನಾಲ್ಕನೆಯವನು ಹನುಮೇಶ್. ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಕೆಲಸ, ಗ್ರೂಪಿನ ಯಜಮಾನಿಕೆ, ಎಲ್ಲದರ ಬುಡ ನೋಡುವ ಸ್ವಭಾವ. ಅವನು ಕೈಮುಗಿಯಲಿಲ್ಲ.

“ಮಾಮ, ಕೋಗಿಲಿ ಹಿಂದ ಗುಂಯ್ ಅಂತೈತಲ್ಲ, ಅದೇನು?” ಎಂದು ಕೇಳಿದ.

“ಅದು ನನ್ನ ಕಿವಿ ಮಿಷನ್ನಿನ ಸಪ್ಪಳ. ಮೂರು ವರ್ಷದಿಂದ ಐತಿ. ಅಂಗಡಿಗೆ ಮೂರು ಸಲ ತೋರಿಸೀನಿ, ಸರಿ ಮಾಡವಲ್ಲ” ಎಂದು ಹೊನ್ನೂರಸ್ವಾಮಿ ಬರೆದ.

“ಮಾಮ, ಮಿಷನ್ ನಿಮ್ಮ ಕಿವ್ಯಾಗಿದ್ರ ನಮ್ಮ ಫೋನಿನಾಗ ಹೆಂಗ ಕೇಳ್ತೈತಿ?”

ಹೊನ್ನೂರಸ್ವಾಮಿ ಕೈಯಲ್ಲಿದ್ದ ಚಹಾ ಆರುವವರೆಗೂ ಆ ಪ್ರಶ್ನೆಯನ್ನೇ ನೋಡುತ್ತ ಕೂತ. ಇಷ್ಟು ಸರಳವಾದದ್ದು ಮೂರು ವರ್ಷದಲ್ಲಿ ಒಮ್ಮೆಯೂ ತನಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ದುರ್ಗಕ್ಕನ ದನಿ ಗ್ರೂಪಿನಲ್ಲಿ ಬಂದಿತ್ತು. “ಅದು ಮೋಟರ್. ನಳಕ್ಕ ಮೋಟರ್ ಹಚ್ಚಿ ನಮ್ಮ ನೀರೆಲ್ಲ ಎಳಕೊಂಡಾರ. ಯಾವ ಮನಿ ಅಂತ ಇವತ್ತ ಗೊತ್ತಾಗ್ಬೇಕು. ನಾ ಬಂದೆ ತಡೀರಿ.”

ಒಂಬತ್ತೂವರೆಗೆ ಹಿತ್ತಲಿನಲ್ಲಿ ಹತ್ತು ಹನ್ನೆರಡು ಜನ. ಕನಕಾಂಬರದ ಸಾಲು ಯಾರ ಕಾಲಿಗೆ ಸಿಕ್ಕಿತೋ ಗೊತ್ತಿಲ್ಲ. ತಜ್ಞರ ಅಭಿಪ್ರಾಯ ಬೇಕೆಂದು ಹನುಮೇಶ್ ಪ್ಲಂಬರ್ ಪಕೀರಪ್ಪನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದ. ಪಕೀರಪ್ಪ ಫೋನನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯನಂತೆ ಕೇಳಿದ.

“ಅರ್ಧ ಎಚ್.ಪಿ. ಬೇರಿಂಗ್ ಸವದಾವ. ಹೋದ ದಸರಿಗೇ ಬದಲಿ ಮಾಡ್ಬೇಕಿತ್ತು” ಎಂದ.

“ಇಷ್ಟೆಲ್ಲ ಹೆಂಗ ಗೊತ್ತಾತಪ್ಪ ನಿನಗ?” ಎಂದು ದುರ್ಗಕ್ಕ ಬೆರಗಾದಳು.

ಪಕೀರಪ್ಪ ಕಣ್ಣು ತೆರೆದ. ಯಾಕೋ ಹಣೆಯಲ್ಲಿ ಬೆವರು. “ಅನುಭವ ಅಕ್ಕ, ಅನುಭವ” ಎಂದು ಟವೆಲಿನಿಂದ ಮುಖ ಒರೆಸಿಕೊಂಡ. ವಿರುಪಮ್ಮ ಅವನಿಗೆ ಮಾತ್ರ ಚಹಾದ ಜೊತೆ ಎರಡು ಬಿಸ್ಕೀಟು ಇಟ್ಟಳು.

ಮುಂದಿನದು ಹನುಮೇಶನ ಪ್ರಯೋಗ. ಫೋನನ್ನು ಬೆಳಗ್ಗೆ ಇದ್ದ ಜಾಗದಲ್ಲೇ ಇಟ್ಟು, ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸಿ ಗುಂಯ್ ಅನ್ನಿಸಿ ರೆಕಾರ್ಡು ಮಾಡುವುದು, ಯಾವುದು ಬೆಳಗಿನದಕ್ಕೆ ಸಮ ಬರುತ್ತದೋ ಅಲ್ಲಿ ಮೋಟರಿದೆ ಎಂದು ತಿಳಿಯುವುದು. ದುರ್ಗಕ್ಕ ಬೀದಿಗೆ ಹೋಗಿ ಗುಂಯ್ ಅಂದಳು. ಪಕೀರಪ್ಪ ಬಚ್ಚಲ ಗೋಡೆಗೆ ನಿಂತು ಗುಂಯ್ ಅಂದ. ಕಾಲುವೆಯ ಕಡೆಯಿಂದ ಹಾಲು ಹಾಕಲು ಬಂದವನೊಬ್ಬ, ಯಾರೂ ಕೇಳದಿದ್ದರೂ, ಸೈಕಲ್ ನಿಲ್ಲಿಸಿ ಗುಂಯ್ ಅಂದು ಹೋದ. ಕೊನೆಗೆ ಹನುಮೇಶ್ ತಾನೇ ತುಳಸಿ ಕಟ್ಟೆಗೆ ಆತು ನಿಂತು ಗುಂಯ್ ಅಂದ. ಅದು ಬೆಳಗಿನ ಸದ್ದಿಗೆ ತಕ್ಕಡಿಯಲ್ಲಿ ತೂಗಿದಂತೆ ಸಮ ಬಂತು.

“ಚಪ್ಲಿ ಹಾಕ್ಕೊಂಡು ತುಳಸಿ ಕಟ್ಟಿಗೆ ಆತು ನಿಂತೀಯಲ್ಲೋ, ದೇವರು ದಿಂಡರು ಏನೂ ಇಲ್ಲೇನು ನಿನಗ?” ಎಂದು ದುರ್ಗಕ್ಕ ಗದರಿದಳು. ಹನುಮೇಶ್ ಚಂಗನೆ ಈಚೆ ಹಾರಿದ. ಆ ಲೆಕ್ಕ ಅಲ್ಲಿಗೇ ಬಿಟ್ಟುಹೋಯಿತು.

“ಅಂತೂ ಇಪ್ಪತ್ತು ಅಡಿ ಒಳಗ ಐತಿ. ಇಪ್ಪತ್ತು ಅಡಿ ಒಳಗ ಇರೋವು ಎರಡ ಮನಿ. ಒಂದು ಮಾಮಂದು, ಇನ್ನೊಂದು ಎರ್ರಿಯಪ್ಪನವರದು” ಎಂದ ಹನುಮೇಶ್.

“ನಮ್ಮ ಮನ್ಯಾಗ ಮೋಟರಾ ಇಲ್ಲ” ಎಂದ ಹೊನ್ನೂರಸ್ವಾಮಿ. ಅವನು ಸುಳ್ಳು ಹೇಳುವವನಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಎಲ್ಲರ ಮುಖವೂ ಕಾಂಪೌಂಡಿನ ಆಚೆಗೆ ತಿರುಗಿತು.

ಎರ್ರಿಯಪ್ಪ ಅಲ್ಲೇ ನಿಂತಿದ್ದ. ಬೆಳಗಿನಿಂದ ಒಂದು ಮಾತನ್ನೂ ಆಡಿರಲಿಲ್ಲ. “ನಂದೊಂದು ಮೋಟರ್ ಐತಿ ಖರೆ. ಸಂಪಿನಿಂದ ಮ್ಯಾಲಿನ ಟಾಕಿಗೆ ಏರಿಸಾಕ. ನಳಕ್ಕ ಹಚ್ಚಿಲ್ಲ” ಎಂದ.

ಅಲ್ಲಿಗೆ ಹೊನ್ನೂರಸ್ವಾಮಿ ಸುಮ್ಮನಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಅವನ ತಲೆಯಲ್ಲಿ ಕೂತಿದ್ದು ದುರ್ಗಕ್ಕನ ನೀರಲ್ಲ, ತನ್ನ ಮಿಷನ್ನು. ಮೂರು ಸಲ ಅಂಗಡಿಗೆ ಹೋಗಿ, ಅವರ ಹತ್ತಿರ ಜಗಳವಾಡಿ, ಅವರ ನಗೆಗೆ ಈಡಾಗಿ ಬಂದದ್ದೆಲ್ಲ ಒಟ್ಟಿಗೆ ನೆನಪಾಯಿತು. ಈಗ ಗುಂಯ್ ಅನ್ನುವುದಕ್ಕೆ ಒಬ್ಬ ಒಡೆಯ ಸಿಕ್ಕಿದ್ದ.

“ಎರ್ರಿಯಪ್ಪ, ದಿನಾ ಮುಂಜಾನಿ ನನ್ನೆದುರು ನಿಂತು ಹಕ್ಕಿ ತೋರಿಸ್ತಿದ್ದೆಲ್ಲ, ಹಿಂದ ಮೋಟರ್ ಹಚ್ಚಿ ಬಂದು ನಿಲ್ತಿದ್ದೇನು?” ಎಂದ. ತನ್ನ ದನಿ ಎಷ್ಟು ಜೋರಾಗಿದೆ ಎಂಬುದು ಅವನಿಗೆ ಯಾವಾಗಲೂ ಗೊತ್ತಾಗುತ್ತಿರಲಿಲ್ಲ. “ಇವಗ ಕಿವಿ ಕೇಳಂಗಿಲ್ಲ, ಇವನ ಮುಂದ ಏನು ಮಾಡಿದ್ರೂ ನಡಿತೈತಿ ಅಂತ ಇಷ್ಟು ವರ್ಷ ಇಲ್ಲಿ ಬಂದು ನಿಂತೇನು? ಕಿವುಡನ ಗೆಳೆತನ ಅದಕ್ಕ ಬೇಕಾಗಿತ್ತೇನು ನಿನಗ?”

ವಿರುಪಮ್ಮನ ಕೈಯಲ್ಲಿದ್ದ ತಟ್ಟೆಯ ಮೇಲೆ ಚಹಾದ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಎರ್ರಿಯಪ್ಪ ಆ ತಟ್ಟೆಯ ಕಡೆಗೊಮ್ಮೆ ನೋಡಿದ. ಆಮೇಲೆ ಹೊನ್ನೂರಸ್ವಾಮಿಯನ್ನು ನೋಡಿದ.

“ಹೌದಪ್ಪ. ನಂದಾ” ಎಂದ. “ತಗೊಂಡು ಹೋಗ್ರಿ.”

ಮಧ್ಯಾಹ್ನದೊಳಗೆ ಪಕೀರಪ್ಪ ಎರ್ರಿಯಪ್ಪನ ಸಂಪಿನ ಮೋಟರ್ ಬಿಚ್ಚಿದ. ಹನುಮೇಶ್ ಅದನ್ನು ತನ್ನ ಮನೆಯ ಜಗುಲಿಯ ಮೇಲೆ ಸೆರೆಯಲ್ಲಿಟ್ಟ. ಕಳ್ಳನನ್ನು ಹಿಡಿದುಕೊಟ್ಟ ಹೊನ್ನೂರಸ್ವಾಮಿಯನ್ನು ಓಣಿಯ ನೀರಿನ ಉಸ್ತುವಾರಿಗೆ ಒಮ್ಮತದಿಂದ ಆರಿಸಲಾಯಿತು. ಅವನು ಬೇಡಬೇಡವೆನ್ನುತ್ತಲೇ ಒಪ್ಪಿಕೊಂಡ. ಊಟಕ್ಕೆ ಕೂತಾಗ ಸಾರಿಗೆ ಉಪ್ಪೇ ಇರಲಿಲ್ಲ. ಹೇಳಿದರೆ ವಿರುಪಮ್ಮ ಉಪ್ಪಿನ ಡಬ್ಬಿಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಒಂದು ಗಳಿಗೆ ನಿದ್ದೆ ಮಾಡೋಣವೆಂದರೆ ಎರ್ರಿಯಪ್ಪ ನಿಂತು ನೋಡಿದ್ದೇ ಕಣ್ಣ ಮುಂದೆ ಬರುತ್ತಿತ್ತು.

ಐದು ಗಂಟೆಗೆ ಹನುಮೇಶನ ಫೋನು. “ಮಾಮ, ನಾಳೆ ನಗರಸಭಿ ಆಫೀಸಿಗೆ ಅರ್ಜಿ ಕೊಡ್ತೀನಿ. ಮುಂಜಾನಿದು ಪೂರ್ತಿ ರೆಕಾರ್ಡ್ ಕಳಿಸ್ರಿ, ಕತ್ತರಿಸಿದ್ದು ಬ್ಯಾಡ.”

ಬೆಳಗಿನ ಗಡಿಬಿಡಿಯಲ್ಲಿ ಮೂಲ ರೆಕಾರ್ಡನ್ನು ಅಳಿಸುವುದು ಮರೆತುಹೋಗಿತ್ತು. ಕಳಿಸುವ ಮುಂಚೆ ಒಮ್ಮೆ ಕೇಳಿಬಿಡೋಣವೆಂದು ಹೊನ್ನೂರಸ್ವಾಮಿ ಹಿತ್ತಲ ಬಾಗಿಲಲ್ಲಿ ಕೂತು, ಮಿಷನ್ ಸರಿಮಾಡಿಕೊಂಡು, ಮೂರು ವರ್ಷದಲ್ಲಿ ಮೊದಲ ಸಲ ದಪ್ಪ ಗೆರೆಗೆ ಕಿವಿಗೊಟ್ಟ.

ಮೊದಲು ವಿರುಪಮ್ಮನ ದನಿ. “ಅಣ್ಣಾ, ನೀರು ಬಂತೇನು?”

ಎರ್ರಿಯಪ್ಪನ ದನಿ. “ಬಂದೈತಿ ತಂಗಿ, ಮ್ಯಾಲಿನ ಓಣ್ಯಾಗ ವಾಲ್ ತಿರುವಿದ ಸಪ್ಪಳ ಆತು. ತಡಿ, ಇವನ್ನ ಆ ಕಡಿ ತಿರುಗಿಸ್ತೀನಿ.” ಚಪ್ಪಾಳೆ. “ಲೇ ಹೊನ್ನೂರ, ಅಲ್ನೋಡು, ಬೇವಿನ ಮ್ಯಾಲ. ಹಾಂ ತಂಗಿ, ಹಚ್ಚು ಈಗ.”

ಕಲ್ಲು ಸರಿಸಿದ ಸದ್ದು. ಟಿಣ್ ಟಿಣ್ ಎಂದು ಗಂಟೆ. ಆಮೇಲೆ ಗುಂಯ್.

ಹೊನ್ನೂರಸ್ವಾಮಿ ಎದ್ದು ತುಳಸಿ ಕಟ್ಟೆಯ ಹತ್ತಿರ ಹೋದ. ದೀಪವಿಡುವ ಹಾಸುಗಲ್ಲನ್ನು ಎತ್ತಿದ. ಕಟ್ಟೆಯ ಹೊಟ್ಟೆಯೊಳಗೆ ನೀಲಿ ಬಣ್ಣದ ಮೋಟರೊಂದು ಹಣೆಗೆ ಕುಂಕುಮ, ಕೊರಳಿಗೆ ಒಣಗಿದ ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿತ್ತು. ಮೂರು ವರ್ಷದ ಹಿಂದೆ ವಿರುಪಮ್ಮ ಹಟ ಹಿಡಿದು, ಪಕೀರಪ್ಪನಿಂದಲೇ ದೊಡ್ಡ ಕಟ್ಟೆ ಕಟ್ಟಿಸಿದ್ದು ಯಾಕೆಂದು ಈಗ ತಿಳಿಯಿತು. ಅವಳ ಭಕ್ತಿಯಂತೂ ಸುಳ್ಳಾಗಿರಲಿಲ್ಲ.

ಅಲ್ಲೇ ಕಟ್ಟೆಯ ಪಕ್ಕ ಕೂತ. ಫೋನಿನಲ್ಲಿ ಎರ್ರಿಯಪ್ಪನ ಮಾತು ನಡೆದೇ ಇತ್ತು.

“ಅಲ್ಲಿ ಏನೂ ಇಲ್ಲೋ ಮಾರಾಯ. ಹೆಂಗ ಕತ್ತೆತ್ತಿ ನೋಡ್ತಿ ನೋಡು, ಖರೇನ ಇದ್ದಂಗ. ಸಿಟ್ಟಾಗಬ್ಯಾಡ. ಆ ವರ್ಷ ಮಲ್ಲಿಗಿ ಒಣಗಿದಾಗ ನೀ ಮೂರು ದಿನ ಊಟ ಬಿಟ್ಟಿ. ಪಾಪ, ತಂಗಿ ಬಂದು ಅತ್ತಳು. ಮತ್ತೇನು ಮಾಡ್ಬೇಕಿತ್ತು?” ಚಹಾ ಗುಟುಕರಿಸಿದ ಸದ್ದು. “ರಾತ್ರಿ ನಿದ್ದಿ ಬರ್ಲಿಲ್ಲ ಹೊನ್ನೂರ. ರೇಣುಕಿ ಬಳಿ ಸಪ್ಪಳ ಕೇಳಿದಂಗಾಗಿ ಎದ್ದು ಕುಂತೆ. ಮಗ ಡ್ಯೂಟಿ ಮುಗಿಸಿ ಬಂದು ಮಲಗ್ತಾನ, ಸೊಸಿಗೆ ಅಕಿ ಕೆಲಸ ಅಕಿಗೆ. ಯಾರ ಮುಂದ ಹೇಳ್ಲಿ? ನಿನಗ ಕೇಳಂಗಿಲ್ಲ ಅಂತನ ನಿನ್ನ ಮುಂದ ಹೇಳ್ತೀನಿ. ಕೇಳಿದ್ರ ನನಗ ನಾಚಿಕಿ ಬರ್ತಿತ್ತು.”

ನಡುವೆ ಕೋಗಿಲೆ ಎರಡು ಸಲ ಕೂಗಿತು. ಹೊನ್ನೂರಸ್ವಾಮಿಗೆ ಅದು ಬೇಕಾಗಿರಲಿಲ್ಲ.

“ಹಂಪಿಗೆ ಹೋಗಬೇಕೋ. ರೇಣುಕಿ ಬೂದಿ ಹೊಳಿಗೆ ಬಿಟ್ಟು ಬಂದಾಗಿನಿಂದ ಆ ಕಡಿ ಹೋಗಿಲ್ಲ. ಒಬ್ಬನ ಹೋಗಾಕ ಧೈರ್ಯ ಸಾಲವಲ್ದು. ಹೊಳಿ ದಂಡಿಗೆ ಒಂದು ತಾಸು ಕುಂತು ಬರಾನ. ನೀ ಬರ್ತೀಯೇನು ನನ್ನ ಜೊತಿ?” ಆಮೇಲೆ ಎರ್ರಿಯಪ್ಪ ನಕ್ಕ. “ಹೂಂ ಅಂತ ತಲಿ ಅಲ್ಲಾಡಿಸಿದಿ ನೋಡು. ದಿನಾ ಹೂಂ ಅಂತಿ. ಆಗ್ಲಿ, ಅಷ್ಟಂದ್ಯಲ್ಲ, ಸಾಕು.”

ಹೊನ್ನೂರಸ್ವಾಮಿ ಫೋನು ಆರಿಸಿದ. ಎರ್ರಿಯಪ್ಪ ಎಷ್ಟು ದಿನ ಈ ಪ್ರಶ್ನೆ ಕೇಳಿದ್ದನೋ, ಎಷ್ಟು ದಿನ ತಾನು ತಲೆಯಾಡಿಸಿ ಬಂದು, ತಿಂಡಿ ತಿಂದು, ಅದನ್ನು ಕತ್ತರಿಸಿ ಎಸೆದಿದ್ದನೋ. ಇವತ್ತಿನದೊಂದು ಉಳಿದದ್ದೂ ಮರೆವಿನಿಂದ.

ಬಾಗಿಲಲ್ಲಿ ವಿರುಪಮ್ಮ ನಿಂತಿದ್ದಳು. ಎತ್ತಿಟ್ಟ ಹಾಸುಗಲ್ಲು ನೋಡಿ ಎಲ್ಲ ತಿಳಿದುಕೊಂಡಳು.

“ಇವತ್ತ ತೆಗೆಸ್ತೀನಿ ಅದನ್ನ” ಎಂದಳು ಕಣ್ಣೊರೆಸಿಕೊಂಡು. “ಯಾವ ಯಾವ ಗಿಡ ಒಣಗಬೇಕು ಅಂತ ನೀವಾ ಹೇಳ್ರಿ. ಮಲ್ಲಿಗಿನೋ, ಪೇರಲಾನೋ?”

ಅವನು ಮಲ್ಲಿಗೆಯನ್ನೊಮ್ಮೆ, ಪೇರಲವನ್ನೊಮ್ಮೆ ನೋಡಿದ. ಎದ್ದು ಅಂಗಿ ತೊಟ್ಟು ನೇರ ಮಾರುತಿ ಗುಡಿಯ ಕಟ್ಟೆಗೆ ನಡೆದ. ಸಂಜೆ ಆ ಹೊತ್ತಿಗೆ ಓಣಿಯೆಲ್ಲ ಅಲ್ಲಿರುತ್ತದೆ.

“ಮೋಟರ್ ನಂದು” ಎಂದ. “ನಾನಾ ಹಚ್ಚಿಸೀನಿ, ತುಳಸಿ ಕಟ್ಟಿ ಒಳಗ. ಎರ್ರಿಯಪ್ಪಂದು ಏನೂ ತಪ್ಪಿಲ್ಲ. ಅವನ ಮೋಟರ್ ತಿರುಗಿ ಕೊಡ್ರಿ.”

ಎಲ್ಲರೂ ಅವನನ್ನು ನೋಡಿದರು. ಆಮೇಲೆ ಹನುಮೇಶ್ ಮೆಲ್ಲಗೆ ಕೈಮುಗಿದ.

“ಮಾಮ, ಗೆಳೆಯನ ಮರ್ಯಾದಿ ಉಳಿಸಾಕ ಕಳ್ಳತನ ನಿಮ್ಮ ಮ್ಯಾಲ ತಗೊಂತೀರಲ್ಲ. ನಿಮಗ ಫ್ಯೂಸ್ ಹಾಕಾಕ ಬರಂಗಿಲ್ಲ, ಮೋಟರ್ ಹಚ್ಚೀರಾ?”

“ಕಟ್ಟಿ ಒಡದು ನೋಡ್ರಿ ಬೇಕಾದ್ರ.”

“ಬಿಡ್ತು ಅನ್ನು ಹೊನ್ನೂರಣ್ಣ. ತುಳಸಿ ಕಟ್ಟಿ ಒಡಿಯೋದೇನು?” ಎಂದು ದುರ್ಗಕ್ಕ ಕೆನ್ನೆ ಬಡಿದುಕೊಂಡಳು.

ಬಂಡಿಯ ಹತ್ತಿರ ಮಿರ್ಚಿ ತಿನ್ನುತ್ತಿದ್ದ ಪಕೀರಪ್ಪನನ್ನು ಕರೆದು ಕೇಳಿದರು. “ಕಟ್ಟಿ ನಾನಾ ಕಟ್ಟೀನಿ. ಒಳಗ ಮಣ್ಣು ಬಿಟ್ರ ಏನೂ ಇಲ್ರಿ” ಎಂದು ಅವನು ಮಾರುತಿಯ ಎದುರಿಗೇ ಹೇಳಿ, ಮಾರುತಿಗೆ ಬೆನ್ನು ತಿರುಗಿಸಿ ನಿಂತ.

ರುಜುವಾತು ಹೊನ್ನೂರಸ್ವಾಮಿಯ ಜೇಬಿನಲ್ಲೇ ಇತ್ತು. ಅದನ್ನು ಹಾಕಿ ಕೇಳಿಸಿದರೆ ಹೆಂಡತಿ ಕಳ್ಳಿ, ಎರ್ರಿಯಪ್ಪ ಕಾವಲುಗಾರ. ಅಷ್ಟೇ ಅಲ್ಲ, ರೇಣುಕಿಯ ಬಳೆಯ ಸಪ್ಪಳ ಓಣಿಯ ಬಾಯಿಗೆ ಬೀಳುತ್ತಿತ್ತು. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ರೆಕಾರ್ಡು ಅಳಿಸಿಹೋಯಿತು ಎಂದು ಹನುಮೇಶನಿಗೆ ಸುಳ್ಳು ಹೇಳಿದ. ಅವನು ಹೇಳಿದ ನಿಜವನ್ನು ನಂಬದಿದ್ದ ಓಣಿ, ಈ ಸುಳ್ಳನ್ನು ಮಾತ್ರ ಕೂಡಲೇ ನಂಬಿತು.

“ಎಂಥ ದೊಡ್ಡ ಮನಸ್ಸು ನಿಂದು” ಎಂದಳು ದುರ್ಗಕ್ಕ, ಕಾಗದದಲ್ಲಿ ನಾಲ್ಕು ಮಿರ್ಚಿ ಕಟ್ಟಿ ಅವನ ಕೈಗಿಡುತ್ತ. “ನನಗ ನಾಲ್ಕು ನಾಲ್ಕು ಕೊಡ ನೀರು ಕೊಟ್ಟ ಕೈ ಇದು.” ಆ ಮಿರ್ಚಿಗಳು ಅವನ ಕೈಯನ್ನು ಸುಟ್ಟವು.

ಮಬ್ಬುಗತ್ತಲಿಗೆ ಪಕೀರಪ್ಪ ಬಂದು, ತುಳಸಿ ಕಟ್ಟೆಯ ಮೋಟರನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೋದ. ಹೊನ್ನೂರಸ್ವಾಮಿ ಎರ್ರಿಯಪ್ಪನ ಬಾಗಿಲಿಗೆ ಹೋದರೆ, ಮಾವ ಮಲಗಿದ್ದಾರೆ ಎಂದು ಸೊಸೆ ಹೇಳಿದಳು. ಅಂಗಳದಲ್ಲಿ ಎರಡು ಕೊಡ ಇದ್ದವು, ಮೇಲಿನ ಟಾಕಿಗೆ ನೀರು ಹೊತ್ತ ಹಸಿ ಹೆಜ್ಜೆ ಮೆಟ್ಟಿಲ ಮೇಲೆ ಇನ್ನೂ ಆರಿರಲಿಲ್ಲ.

ಮರುದಿನ ಬೆಳಿಗ್ಗೆ ಹೊನ್ನೂರಸ್ವಾಮಿ ಮಿಷನ್ ಹಾಕಿಕೊಂಡೇ ಹಿತ್ತಲಿಗೆ ಬಂದ. ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದ. ಕಣ್ಣೆದುರೇ ಸೂರಕ್ಕಿ ಬಾಯಿ ತೆರೆದಾಗಲೇ ಅದರ ಚಿಕ್ ಚಿಕ್ ಕೇಳಿಸಿತು. ಮೂರು ತಾಸು ಕಾಯಬೇಕಾಗಲಿಲ್ಲ. ಆದರೆ ಅವನು ಕಾಯುತ್ತಿದ್ದದ್ದು ಬೇರೆಯದಕ್ಕೆ.

ಎರ್ರಿಯಪ್ಪ ಬಂದ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದ, ಬಂದ. ಲೋಟವನ್ನು ಕಾಂಪೌಂಡಿನ ಮೇಲಿಟ್ಟ. “ನಿನ್ನಿ ಭಾಳ ಬಿಸಿಲಿತ್ತು ಹೊನ್ನೂರ, ಟಾಕಿಗೆ ನೀರು ಹೊತ್ತು ಹೊತ್ತು...” ಎಂದು ಶುರುಮಾಡಿದವನು, ಪ್ಲಾಸ್ಟಿಕ್ ಚೀಲ ನೋಡಿ ನಿಲ್ಲಿಸಿದ.

“ಹೇಳು ಎರ್ರಿಯಪ್ಪ, ಕೇಳ್ತೈತಿ” ಎಂದ ಹೊನ್ನೂರಸ್ವಾಮಿ. ಹೇಳಬಾರದಿದ್ದ ಮಾತು ಅದು ಎಂದು ಹೇಳಿದ ಮೇಲೆ ಗೊತ್ತಾಯಿತು. ತಡಬಡಿಸಿ, “ನನ್ನ ತಪ್ಪಾತು. ನಡಿ, ಹಂಪಿಗೆ ಹೋಗಾನ. ಹೊಳಿ ದಂಡಿಗೆ ಕುಂತು ಬರಾನ” ಎಂದ.

ಎರ್ರಿಯಪ್ಪ ಲೋಟವನ್ನು ತನ್ನ ಕಡೆ ಸರಿಸಿಕೊಂಡ. “ಎಷ್ಟು ಕೇಳಿದಿ?”

“ನಿನ್ನಿದು ಅಷ್ಟ. ಮೊದಲಿನವೆಲ್ಲ ಕತ್ತರಿಸಿ ಒಗದೀನಿ.”

ಎರ್ರಿಯಪ್ಪ ತಲೆಯಾಡಿಸಿದ, ಇಷ್ಟು ವರ್ಷ ಹೊನ್ನೂರಸ್ವಾಮಿ ಆಡಿಸುತ್ತಿದ್ದ ಹಾಗೆಯೇ. “ಬಿಸಿಲು ಇಳೀಲಿ, ನೋಡಾನ” ಎಂದ. ಆಮೇಲೆ ಚಪ್ಪಾಳೆ ತಟ್ಟಿ ಬೇವಿನ ಮರದ ಕಡೆ ಬೆರಳು ಮಾಡಿದ. ಅಲ್ಲಿ ಏನೂ ಕೂಗುತ್ತಿರಲಿಲ್ಲ. ಹೊನ್ನೂರಸ್ವಾಮಿಗೆ ಈಗ ಚೆನ್ನಾಗಿ ಕೇಳುತ್ತಿತ್ತು. ಆದರೂ ತಿರುಗಿ ಕತ್ತೆತ್ತಿ ನೋಡಿದ. ಈಚೆ ತಿರುಗುವಷ್ಟರಲ್ಲಿ ಕಾಂಪೌಂಡಿನ ಮೇಲೆ ಲೋಟ ಇರಲಿಲ್ಲ.

ಮುಂದಿನ ನೀರಿನ ದಿನ ದುರ್ಗಕ್ಕನ ನಳಕ್ಕೆ ನೀರು ಬಂತು. ಎರ್ರಿಯಪ್ಪನೇ ಕಳ್ಳ ಎಂಬುದಕ್ಕೆ ಓಣಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೊನ್ನೂರಸ್ವಾಮಿಯ ಕೈಯಲ್ಲಿ ಪೈಪು ಜುಮ್ಮೆನ್ನಲಿಲ್ಲ. ಆ ಸಣ್ಣ ಧಾರೆಯಲ್ಲಿ ಮಲ್ಲಿಗೆಗೆ ಹಾಕಿದರೆ ಪೇರಲಕ್ಕೆ ಉಳಿಯುತ್ತಿರಲಿಲ್ಲ. ಅವತ್ತು ಅವನು ಬೇಕೆಂದೇ ಮಿಷನ್ನನ್ನು ಡಬ್ಬಿಯಲ್ಲಿಟ್ಟು ಬಂದಿದ್ದ. ಎರ್ರಿಯಪ್ಪನಿಗೆ ಕಾಣುವಂತೆ ಬರಿಗಿವಿಯನ್ನು ಎರಡು ಸಲ ಕೆರೆದುಕೊಂಡ, ಸುಮ್ಮನೆ ತಲೆಯಾಡಿಸಿದ, ಕಾಂಪೌಂಡಿನ ಮೇಲೆ ಎಂದಿನಂತೆ ಫೋನಿಟ್ಟ. ಎರ್ರಿಯಪ್ಪ ಫೋನನ್ನು ನೋಡಿದ. ಚಹಾ ಕುಡಿದ. ಹಕ್ಕಿ ಕೂಗಿದಾಗಲೆಲ್ಲ ತಪ್ಪದೆ ಬೆರಳು ಮಾಡಿ ತೋರಿಸಿದ.

ತಿಂಡಿಯಾದ ಮೇಲೆ ಹೊನ್ನೂರಸ್ವಾಮಿ ಕೈ ಒಣಗಿಸಿಕೊಂಡು, ಮಿಷನ್ ಹಾಕಿಕೊಂಡು, ರೆಕಾರ್ಡು ತೆರೆದ. ಬೆಳವ, ಸೂರಕ್ಕಿ, ದೂರದಲ್ಲೊಂದು ಕೋಗಿಲೆ. ಗುಂಯ್ ಇರಲಿಲ್ಲ. ನಲವತ್ತು ನಿಮಿಷವೂ, ಪರದೆಯ ಈ ತುದಿಯಿಂದ ಆ ತುದಿಯವರೆಗೆ, ಬರೀ ಸಣ್ಣ ಗೆರೆ. ಎರಡು ಸಲ ಪೂರ್ತಿ ಕೇಳಿದ. ಕತ್ತರಿಸುವಂಥದ್ದು ಏನೂ ಇರಲಿಲ್ಲ.